ಕಾಕಾನ ರೇಷ್ಮೆ ಹುಳ

ಬೆಳಿಗ್ಗೆ ಒಗ್ಗರಣೆಗೆಂದು ಕುಂಡದ ಕರಿಬೇವಿಗೆ ಕೈ ಹಾಕಿದರೆ, ಹಸಿರು ಹುಳವೊಂದು ತಲೆಯೆತ್ತಿ ಕೆಂಪು ಕವಲುಕೊಂಬು ಚಾಚಿತು. ಅದರ ಘಾಟು ಮೂಗಿಗೆ ಬಡಿದದ್ದೇ ತಡ, ಬೆಟಗೇರಿಯ ನಮ್ಮ ಹಿತ್ತಲು ನೆನಪಾಗಿ ಸಿಟ್ಟು ನೆತ್ತಿಗೇರಿತು.

ನಮ್ಮದು ನೇಕಾರರ ಮನೆ. ಕಾಕಾ ರೇಷ್ಮೆ ಎಳೆಯನ್ನು ಎರಡು ಬೆರಳಲ್ಲಿ ತಿಕ್ಕಿದರೆ ಸಾಕು, ಅಸಲಿಯೋ ನಕಲಿಯೋ ಹೇಳಿಬಿಡುತ್ತಿದ್ದ. ಆದರೆ ರೇಷ್ಮೆ ಹುಳವನ್ನು ಜನ್ಮದಲ್ಲಿ ಕಂಡವನಲ್ಲ. ಮನೆಗೆ ಬರುತ್ತಿದ್ದದ್ದು ನೂಲಿನ ಲಡಿ ಮಾತ್ರ. ನಾನು ಚಿಕ್ಕವಳಿದ್ದಾಗ ಒಮ್ಮೆ ಹಿತ್ತಲಿನ ಕರಿಬೇವಿನ ಗಿಡದಲ್ಲಿ ಇಂಥದೇ ಹುಳವನ್ನು ತೋರಿಸಿದರೆ, "ರೇಷ್ಮಿ ಹುಳ ಐತಿದು" ಎಂದು ಮನೆಮಂದಿಯನ್ನೆಲ್ಲ ಕರೆದ. ಅದನ್ನು ಡಬ್ಬಿಯಲ್ಲಿಟ್ಟು, ಸೈಕಲ್ ಹತ್ತಿ ಎಲ್ಲಿಂದಲೋ ಹಿಪ್ಪುನೇರಳೆ ಎಲೆ ತಂದ.

"ಕಾಕಾ, ಅದು ಕರಿಬೇವು ತಿಂತೈತಿ. ಹ್ವಾದ ಸಲ ಚಿಟ್ಟಿ ಆಗಿ ಹಾರಿದ್ದನ್ನ ನಾ ನೋಡೇನಿ" ಎಂದೆ.

"ರೇಷ್ಮಿ ನೇಯೋ ಮಂದಿಗೆ ರೇಷ್ಮಿ ಹುಳದ ಗುರುತು ಹೇಳಾಕ ಬಂದಿಯೇನ? ಸುಮ್ನ ಕುಂಡ್ರು."

ಅಜ್ಜಿಯಂತೂ "ನಮಗ ಅನ್ನ ಹಾಕೋ ಹುಳ" ಎಂದು ಡಬ್ಬಿಗೆ ಕುಂಕುಮ ಹಚ್ಚಿ ಕೈಮುಗಿದಳು. ಹುಳ ಆ ಎಲೆಯನ್ನು ಮೂಸಿಯೂ ನೋಡದೆ, ಉಪವಾಸ ಬಿದ್ದು ಸತ್ತಿತು.

"ಈ ಹುಡುಗಿ ಮುಟ್ಟಿ ಮುಟ್ಟಿ ಕೊಂದ್ಲು" ಎಂದ ಕಾಕಾ. ಡಬ್ಬಿಯ ಹತ್ತಿರ ಸುಳಿಯಲೂ ನನ್ನನ್ನು ಬಿಟ್ಟಿರಲಿಲ್ಲ. ಆದರೂ ಎಲ್ಲರೂ ನನ್ನನ್ನೇ ದುರುಗುಟ್ಟಿ ನೋಡಿದರು.

ಇವತ್ತು ಬಿಡಬಾರದೆಂದು ಕುಂಡದ ಹುಳದ ಫೋಟೋ ತೆಗೆದು, "ಈಗ ಹೇಳು ಕಾಕಾ, ಇದ್ಯಾವ ಹುಳ?" ಎಂದು ಕಳಿಸಿದೆ. ಎಂಬತ್ತು ದಾಟಿದ ಕಾಕಾನ ದನಿ ಫೋನಿನಲ್ಲಿ ಬಂತು:

"ರೇಷ್ಮಿ ಹುಳ. ಈ ಸಲನರ ಕೈ ಹಚ್ಚಬ್ಯಾಡ."