ಅಜ್ಜಿ ಕಟ್ಟಿಕೊಂಡ ಪಟ್ಟಿ

ಕಣ್ಣಿಗೂ ಮೆದುಳಿಗೂ ನಡುವಿನ ನರಗಳ ಜೋಡಣೆ ಮಕ್ಕಳಲ್ಲಿ ಹೇಗೆ ಬೆಳೆಯುತ್ತದೆ ಎಂಬುದು ನನ್ನ ಸಂಶೋಧನೆ. ಅದಕ್ಕಾಗಿ ಸೋಮವಾರಪೇಟೆ ಕಡೆಯ ಎಸ್ಟೇಟ್ ಲೈನ್‌ಗಳಲ್ಲಿ, ಅಂದರೆ ತೋಟದ ಕೂಲಿಯವರ ಸಾಲುಮನೆಗಳಲ್ಲಿ, ನಡೆಯುವ ಕಣ್ಣಿನ ಕ್ಯಾಂಪಿಗೆ ಹೋಗುತ್ತಿರುತ್ತೇನೆ. ಮಕ್ಕಳ ಕಣ್ಣಿಗೆ ಪಟ್ಟಿ ಹಾಕುವುದು ಡಾಕ್ಟರ ಕೆಲಸ. ಯಾಕೆಂದು ವಿವರಿಸಿ ಗಂಟಲು ಒಣಗಿಸಿಕೊಳ್ಳುವುದು ನನ್ನದು.

ಮೊಮ್ಮಗಳ ಒಳ್ಳೆಯ ಕಣ್ಣನ್ನೇ ಮುಚ್ಚಿದ್ದು ಕಂಡು ಅಜ್ಜಿಯೊಬ್ಬರು ನನ್ನ ಮೇಲೆ ರೇಗಿದರು.

"ಏನ್ ಡಾಕ್ಟ್ರೇ ಇದು? ದುಡಿಯೋ ಆಳನ್ನ ಕೂರಿಸಿ ಮೈಗಳ್ಳನಿಗೆ ಕೆಲ್ಸ ಕೊಡ್ತೀರಾ?"

ನಾನು ಆ ಥರದ ಡಾಕ್ಟರಲ್ಲ ಎಂದು ಹೇಳುವಷ್ಟೂ ತ್ರಾಣವಿರಲಿಲ್ಲ. "ಕೊಡದಿದ್ರೆ ಮೈಗಳ್ಳ ಕಲಿಯೋದು ಯಾವಾಗ ಅಜ್ಜಿ? ಆ ಮೈಗಳ್ಳ ಕಣ್ಣೂ ಚೆನ್ನಾಗೇ ಇದೆ. ಮೆದುಳು ಅದರ ಮಾತು ಕೇಳ್ತಿಲ್ಲ ಅಷ್ಟೆ" ಎಂದೆ. ಅಜ್ಜಿ ಗೊಣಗುತ್ತಾ ಹೋದರು.

ಮುಂದಿನ ಕ್ಯಾಂಪಿಗೆ ಇಬ್ಬರೂ ಬಂದರು. ಹುಡುಗಿ ಮಂದಗಣ್ಣಿನಲ್ಲೇ ಗೋಡೆಯ ಮೇಲಿನ ಚಿತ್ರಗಳನ್ನು ಗುರುತಿಸಿದಳು. ನನ್ನ ಆಯಾಸ ಇಳಿಯಿತು ಅನ್ನುವಷ್ಟರಲ್ಲಿ ಅಜ್ಜಿಯನ್ನು ನೋಡಿದೆ. ಅವರ ಬಲಗಣ್ಣಿಗೂ ಹಳೇ ಸೀರೆಯ ತುಂಡು ಕಟ್ಟಿತ್ತು.

"ನಂದೂ ಎಡಗಣ್ಣು ಚಿಕ್ಕಂದಿನಿಂದ ಹಿಂಗೇ. ಕೆಲ್ಸ ಮುಗಿಸಿ ಬಂದು ದಿನಾ ಕಟ್ಕೊಳ್ತೀನಿ. ಇನ್ನೂ ಏನೂ ಕಾಣ್ತಿಲ್ಲ."

ಕಣ್ಣಿಗೂ ಮೆದುಳಿಗೂ ಆ ಜೋಡಣೆ ಎಳೆವಯಸ್ಸಿನಲ್ಲೇ ಆಗಬೇಕು, ಈಗ ಕಷ್ಟ ಎಂದು ಆದಷ್ಟು ಮೆಲ್ಲಗೆ ಹೇಳಿದೆ. ಅಜ್ಜಿ ಬಟ್ಟೆ ಬಿಚ್ಚಿ ಮಡಚಿಕೊಂಡರು.

"ನಾನೂ ಇದೇ ಲೈನಲ್ಲಿ ಹುಟ್ಟಿದ್ದು. ಆವಾಗ ಯಾಕೆ ಬರ್ಲಿಲ್ಲ ನೀವು?"

ಆಗ ನಾನು ಹುಟ್ಟಿಯೇ ಇರಲಿಲ್ಲ. ಉತ್ತರ ಸರಿಯಾಗೇ ಇತ್ತು, ಆದರೂ ಅದನ್ನು ಬಿಟ್ಟು ಮೊಮ್ಮಗಳ ಮುಂದಿನ ಕ್ಯಾಂಪಿನ ತಾರೀಖು ಬರೆದುಕೊಟ್ಟೆ.