ಬೋಗುಣಿಯಲ್ಲಿ ಸಿಕ್ಕ ಪಿನ್ನು

ಇಂದು ಗ್ಯಾರೇಜೊಂದರ ಮುಂದೆ ಗ್ರೀಸಿನ ವಾಸನೆ ಬಂದಾಗ ಸಾಂಬ್ರಾಣಿ ಎಂಬ ಊರಿನ ನಮ್ಮ ಮನೆಯಂಗಳ ನೆನಪಾಯಿತು. ಅಪ್ಪ ಟ್ರ್ಯಾಕ್ಟರಿನ ಟ್ರೇಲರಿನ ಗಾಲಿ ಬಿಚ್ಚಿ, ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು, ಅಂಗೈಯಿಂದ ಗ್ರೀಸು ಒತ್ತಿ ತುಂಬುತ್ತಿದ್ದರು. ನಟ್ಟು ಬಿಗಿದು, ಕೊಂಚ ಸಡಿಲಿಸಿ, ಅದು ಕಳಚದಂತೆ ಪಿನ್ನು ಹಾಕುತ್ತಿದ್ದರು.

ಒಂದು ಬೆಳಿಗ್ಗೆ ಹಾಗೆ ಗಾಲಿ ಕೂಡಿಸಿದವರೇ ಜ್ವರದ ತಮ್ಮನನ್ನೂ ಅವ್ವನನ್ನೂ ಟ್ರೇಲರಿನಲ್ಲಿ ಕೂರಿಸಿಕೊಂಡು ಹಳಿಯಾಳದ ದವಾಖಾನೆಗೆ ಹೊರಟರು. ಆಮೇಲೆ ನಾನು ಸೀಮೆಎಣ್ಣೆಯ ಬೋಗುಣಿ ತೊಳೆಯಲು ಹೋದರೆ ತಳದಲ್ಲಿ ಪಿನ್ನು! ದಾರಿಯಲ್ಲಿ ಗಾಲಿ ಕಳಚಿದರೆ? ರಸ್ತೆಯವರೆಗೂ ಓಡಿದೆ, ಟ್ರ್ಯಾಕ್ಟರು ಕಾಣಲಿಲ್ಲ. ಸಂಜೆಯವರೆಗೂ ಪಿನ್ನನ್ನು ಮುಷ್ಟಿಯಲ್ಲಿ ಹಿಡಿದು ಹೊಸ್ತಿಲ ಬಳಿ ಕೂತಿದ್ದೆ.

ಮೂವರೂ ಬಂದಿಳಿದಾಗ ಅಳುತ್ತ ಮುಷ್ಟಿ ಬಿಚ್ಚಿದೆ.

"ಅದು ಹಳೇದೈತಿ ಯವ್ವಾ, ಹೊಸಾದು ಹಾಕೇನಿ," ಎಂದರು ಅಪ್ಪ. "ಮುಂಜಾನಿಂದ ಉಂಡಿಲ್ಲೇನು?"

ಈಗಲೂ ಮನೆಯವರು ಊರಿಗೆ ಹೊರಟರೆ, "ಮುಟ್ಟಿದಿವಿ" ಎಂಬ ಫೋನು ಬರುವವರೆಗೆ ನನಗೆ ಊಟ ಸೇರುವುದಿಲ್ಲ.