ಗಾಡಿ ಬಂದರೆ ಒಳಗೆ ಬರುತ್ತಿದ್ದವಳು

ಹೋದ ವಾರ ಅಂಗಡಿಗೆ ಟೈಲ್ಸ್ ಹಾಕಿಸಿದೆ. ಹಳೆಯ ಕಡಪಾ ಕಲ್ಲು ಕೀಳಲು ಬಂದ ಮೇಸ್ತ್ರಿ ಬಾಗಿಲ ಪಕ್ಕದ ಕಲ್ಲನ್ನು ಉಜ್ಜಿ ನೋಡಿ, "ಏನ್ ಸಾರ್ ಇದು, ದುಂಡಗೆ ಕಲೆ? ಮೊದ್ಲು ಇಲ್ಲಿ ಹೋಟ್ಲು ಇತ್ತಾ?" ಅಂದ. ಹೊಲಿಗೆ ಅಂಗಡಿಯಲ್ಲಿ ಹೋಟ್ಲು! ನಗು ಬಂತು. ಆದರೆ ಕಲ್ಲು ಎಬ್ಬಿಸುವಾಗ ಕಾದ ಶೇಂಗಾ ಎಣ್ಣೆಯ ವಾಸನೆ, ಓಮದ ವಾಸನೆ ಮೂಗಿಗೆ ಬಡಿದಂತಾಯಿತು. ಇಷ್ಟು ವರ್ಷದ ಮೇಲೆ ವಾಸನೆ ಎಲ್ಲಿ ಉಳಿದಿರುತ್ತದೆ, ನನ್ನ ಭ್ರಮೆಯೇ ಇರಬೇಕು...

ಅದು ಅಕ್ಕನ ಬಾಣಲೆಯ ಕಲೆ.

ಚಳ್ಳಕೆರೆಯ ನನ್ನ ಅಂಗಡಿ ಮುಂದಿನ ಫುಟ್‌ಪಾತಿನಲ್ಲಿ ಅವಳು ಮೆಣಸಿನಕಾಯಿ ಬಜ್ಜಿ ಹಾಕುತ್ತಿದ್ದಳು. ಒಡಹುಟ್ಟಿದವಳೇನಲ್ಲ, ಬೀದಿಗೆಲ್ಲ ಅವಳು ಅಕ್ಕನೇ. ಮೊಳಕಾಲ್ಮೂರು ಕಡೆಯವಳು, ಗಂಡ ತೀರಿಕೊಂಡ ಮೇಲೆ ಇಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಿದ್ದಳು. ಕನ್ನಡ ಮಾತಾಡುತ್ತಲೇ ತೆಲುಗಿಗೆ ಜಾರುವಳು, ಸಿಟ್ಟು ಬಂದರಂತೂ ಪೂರಾ ತೆಲುಗೇ. ಸಂಜೆ ಎಣ್ಣೆ ಕಾಯಿತೆಂದರೆ ಮಿಲ್ಲಿನ ಕೆಲಸ ಬಿಟ್ಟು ಬಂದವರು, ಬಸ್ಸಿಗೆ ಹೊರಟವರು ಎಲ್ಲ ಅಲ್ಲೇ. ಮಂಡಕ್ಕಿ ಜೊತೆ ಅವಳ ಎರಡು ಮಿರ್ಚಿ ತಿಂದು ರಾತ್ರಿ ಊಟ ಆಯಿತು ಅನ್ನುವವರೂ ಇದ್ದರು. ಲೈಸೆನ್ಸು ಗಿಸೆನ್ಸು ಏನೂ ಇರಲಿಲ್ಲ. ಆ ಸಾಲಿನಲ್ಲಿ ಯಾರಿಗೂ ಇರಲಿಲ್ಲ ಬಿಡಿ.

ಫುಟ್‌ಪಾತು ತೆರವು ಮಾಡಿಸುವ ಮುನಿಸಿಪಾಲಿಟಿಯವರ ಗಾಡಿ ಆಗಾಗ ಬರುತ್ತಿತ್ತು. ಮೂಲೆಯ ಹೂವಿನವಳು ಅದನ್ನು ದೂರದಿಂದಲೇ ಕಂಡು "ಕನಕಾಂಬ್ರಾ..." ಎಂದು ಕೂಗುವಳು. ಅವಳ ಬುಟ್ಟಿಯಲ್ಲಿ ಯಾವತ್ತೂ ಕನಕಾಂಬರ ಇದ್ದದ್ದಿಲ್ಲ. ಓಡಿ ಅನ್ನುವುದಕ್ಕೆ ಅವರು ಮಾಡಿಕೊಂಡಿದ್ದ ಕೂಗು ಅದು. ಕೇಳಿದ್ದೇ ತಡ, ತಳ್ಳುಗಾಡಿಗಳೆಲ್ಲ ಸಂದಿಗೆ ನುಗ್ಗುವವು. ಅಕ್ಕ ಸ್ಟೌ ಆರಿಸಿ, ಕಾದ ಬಾಣಲೆಯನ್ನು ಬಟ್ಟೆಯಲ್ಲಿ ಹಿಡಿದು ನನ್ನ ಅಂಗಡಿಯೊಳಗೆ ತಂದಿಟ್ಟು, ಷಟರ್ ಅರ್ಧ ಎಳೆದು ರವಿಕೆಗಳ ರಾಶಿ ಪಕ್ಕ ಕೂರುವಳು.

"ಅಕ್ಕಾ, ಅದು ರೇಷ್ಮೆ! ಒಂದು ಹನಿ ಸಿಡಿದ್ರೆ ನನ್ ಕಥೆ ಮುಗೀತು," ಎಂದು ನಾನು ಬಾಯಿ ಮಾಡುತ್ತಿದ್ದೆ.

"ಸುಮ್ಕಿರು ತಮ್ಮಾ, ಗಾಡಿಯೋರಿಗೆ ಕೇಳ್ತೈತೆ," ಎಂದು ನನ್ನನ್ನೇ ಗದರುವಳು.

ಮದುವೆ ರವಿಕೆಯೊಂದಕ್ಕೆ ಬಜ್ಜಿ ವಾಸನೆ ಹತ್ತಿ, ಮದುಮಗಳ ಅವ್ವ ಬಂದು ನನ್ನ ಮಾನ ಹರಾಜು ಹಾಕಿದ್ದೂ ಉಂಟು. ಸಿಟ್ಟು ಬರುತ್ತಿತ್ತು ನನಗೆ, ಸುಳ್ಳೇಕೆ ಹೇಳಲಿ. ಆದರೂ ನಾನಿಲ್ಲದ ದಿನ ಎಲ್ಲಿಗೆ ಓಡಿಯಾಳು ಎಂದು ಅಂಗಡಿಯ ಇನ್ನೊಂದು ಬೀಗದ ಕೈಯನ್ನು ಅವಳಿಗೇ ಕೊಟ್ಟಿದ್ದೆ.

ಒಂದು ಸಲ ಲೈನಿಂಗ್ ಬಟ್ಟೆ ತರಲು ದುರ್ಗಕ್ಕೆ ಹೋಗಿದ್ದೆ. ಸಂಜೆ ವಾಪಸ್ಸು ಬಂದರೆ ಅಕ್ಕ ಗೆದ್ದವಳ ಹಾಗೆ ನಿಂತಿದ್ದಳು.

"ಇವತ್ತೂ ಸಿಗ್ಲಿಲ್ಲ ನೋಡು ತಮ್ಮಾ ನಾನು! ಷಟರ್ ಪೂರಾ ಎಳ್ಕಂಡು ಒಳಗೆ ಕುಂತೆ. ಹೊರಗಿಂದ ಬಡಿದ್ರು, ಕರೆದ್ರು... ಉಸಿರು ಬಿಡ್ಲಿಲ್ಲ."

ಆವತ್ತು ಗಾಡಿ ಬಂದದ್ದು ಎಬ್ಬಿಸುವುದಕ್ಕಲ್ಲ. ಬೀದಿ ವ್ಯಾಪಾರದವರ ಹೆಸರು ಬರೆದುಕೊಂಡು ಗುರುತಿನ ಚೀಟಿ ಕೊಡುವುದಕ್ಕೆ. ಹೂವಿನವಳು ಅಭ್ಯಾಸಬಲದಿಂದ ಕೂಗಿದ್ದಳು, ಎಲ್ಲರೂ ಓಡಿದ್ದರು. ಸಂದಿಗೆ ಹೋದವರನ್ನು ಬಂದವರೇ ಸಮಾಧಾನ ಹೇಳಿ ಕರೆತಂದು ಬರೆದುಕೊಂಡರಂತೆ. ಪಾನಿಪುರಿಯವನು ನನ್ನ ಷಟರ್ ಬಡಿದು, "ಹೆಸ್ರು ಬರ್ಸು ಬಾರಕ್ಕಾ" ಎಂದು ಗಂಟಲು ಹರಿಯುವಂತೆ ಕೂಗಿದ್ದನಂತೆ. ಅವನ ಕೈಲಿ ಹೇಳಿಸಿ ತನ್ನನ್ನು ಹಿಡಿಯುತ್ತಾರೆ ಅಂದುಕೊಂಡಳು ಇವಳು. ಅದೇ ಗಾಡಿ, ಅದೇ ಮನುಷ್ಯರು. ಅವಳನ್ನು ಯಾವ ಬಾಯಿಂದ ಬಯ್ಯಲಿ?

"ಚೀಟಿಯಂತೆ ಚೀಟಿ! ಹೆಸ್ರು ಬರ್ಕಂಡು ನಾಳೆ ಮನೆಗೇ ಬರ್ತಾರೆ, ನೋಡ್ತಿರು," ಎಂದು ಅವಳು ನಗುತ್ತಲೇ ಇದ್ದಳು.

ಚೀಟಿಗಳು ನಿಜವಾಗಿಯೂ ಬಂದವು. ಪಾನಿಪುರಿಯವನ ಕೊರಳಲ್ಲಿ ನೇತಾಡುತ್ತಿದ್ದುದನ್ನು ಹಿಡಿದು ತಿರುವಿ ತಿರುವಿ ನೋಡಿದಳು. ನಗು ಎಲ್ಲಿ ಹೋಯಿತೋ. ಅವಳನ್ನು ಮುನಿಸಿಪಾಲಿಟಿ ಕಚೇರಿಗೆ ಕರೆದುಕೊಂಡು ಹೋದೆ. ಅಲ್ಲಿದ್ದ ಹುಡುಗಿ ಒಳ್ಳೆಯವಳೇ, ಕುರ್ಚಿ ಕೊಟ್ಟು ಕೂರಿಸಿದಳು. "ಈ ಸಲದ್ದು ಮುಗ್ದೋಯ್ತಮ್ಮ, ಮುಂದಿನ ಸಲ ಬಂದಾಗ ಮೊದಲು ನಿಮ್ದೇ ಬರ್ಕೊಳ್ತೀವಿ," ಅಂದಳು. ಮುಂದಿನ ಸಲ ಯಾವಾಗ ಎಂದು ಅವಳಿಗೂ ಗೊತ್ತಿರಲಿಲ್ಲ. ಅಕ್ಕ ತಲೆಯಾಡಿಸಿ ಬಂದು ಎಂದಿನಂತೆ ಹಿಟ್ಟು ಕಲಸಿದಳು.

ಆಮೇಲೊಂದು ದಿನ ಗಾಡಿ ಬಂತು. ಚೀಟಿ ಇಲ್ಲದವರನ್ನು ಎಬ್ಬಿಸುವುದಕ್ಕೆ. ಯಾರೂ ಕನಕಾಂಬರ ಅನ್ನಲಿಲ್ಲ. ಹೂವಿನವಳ ಕೊರಳಲ್ಲೂ ಚೀಟಿ ಇತ್ತು, ಅವಳಿನ್ನು ರಸ್ತೆ ಕಡೆ ಯಾಕೆ ನೋಡುತ್ತ ಕೂರುತ್ತಾಳೆ? ಅವಳದ್ದೂ ತಪ್ಪಲ್ಲ. ಅಕ್ಕ ರಸ್ತೆಗೆ ಬೆನ್ನು ಹಾಕಿ ಬಜ್ಜಿ ಬಿಡುತ್ತಿದ್ದಳು. ಗದ್ದಲ ಕೇಳಿ ನಾನು ಮಿಷನ್ ಬಿಟ್ಟು ಹೊರಗೆ ಓಡುವಷ್ಟರಲ್ಲಿ ಎಣ್ಣೆಯನ್ನು ಡಬ್ಬಿಗೆ ಸುರಿದು, ಸ್ಟೌ, ಬಾಣಲೆ ಎರಡನ್ನೂ ಗಾಡಿಗೆ ಏರಿಸಿದ್ದರು. ಕೈಮುಗಿದು ಕೇಳಿಕೊಂಡೆ, ಬಿಡಲಿಲ್ಲ. ಅಕ್ಕ ಜಾಲರಿ ಸೌಟು ಹಿಡಿದು ನಿಂತೇ ಇದ್ದಳು. ಅದರಲ್ಲಿ ಇನ್ನೂ ನಾಲ್ಕೈದು ಬಜ್ಜಿ ಇದ್ದವು.

"ಅಯ್ಯೋ ದೇವುಡಾ... ಯಾರೂ ಕೂಗ್ಲೇ ಇಲ್ವಲ್ಲ ತಮ್ಮಾ," ಅಂದಳು.

ಬೇರೆ ಬಾಣಲೆ ಕೊಡಿಸುತ್ತೇನೆ ಅಂದೆ. ಬೇಡವೆಂದಳು. ಆ ವಾರವೇ ಬೀಗದ ಕೈಯನ್ನು ನನ್ನ ಮೇಜಿನ ಮೇಲಿಟ್ಟು ಮೊಳಕಾಲ್ಮೂರಿನ ಬಸ್ಸು ಹತ್ತಿದಳು, ಅಲ್ಲಿ ತಂಗಿಯ ಮನೆ ಇತ್ತು. "ಬರ್ತೀನಿ" ಅಂದಿದ್ದಳು. ಬರಲಿಲ್ಲ. ಆ ಕಡೆಯಿಂದ ರವಿಕೆ ಹೊಲಿಸಲು ಬಂದ ಹೆಂಗಸೊಬ್ಬಳು ಮಾತಿನ ನಡುವೆ, ಅವಳು ತೀರಿಹೋಗಿ ಆರು ತಿಂಗಳಾಯಿತಲ್ಲ, ನಿಮಗೆ ಗೊತ್ತಿಲ್ಲವಾ ಅಂದಳು. ಗೊತ್ತಿರಲಿಲ್ಲ... ಅಳತೆಯ ಟೇಪು ಕೈಯಲ್ಲೇ ಇತ್ತು, ಆವತ್ತು ಆ ಹೆಂಗಸಿನ ಅಳತೆ ತೆಗೆದುಕೊಳ್ಳಲು ನನ್ನಿಂದ ಆಗಲಿಲ್ಲ.

ಈಗ ಫುಟ್‌ಪಾತಿನಲ್ಲಿ ಬಿಳಿ ಗೆರೆ ಎಳೆದಿದ್ದಾರೆ. ಗೆರೆಯೊಳಗೆ ಚೀಟಿಯವರು ನೆಮ್ಮದಿಯಾಗಿ ವ್ಯಾಪಾರ ಮಾಡುತ್ತಾರೆ. ಒಳ್ಳೆಯದೇ ಆಯಿತು, ನಾನು ಬೇಡ ಅನ್ನುವುದಿಲ್ಲ. ಆದರೆ ಆ ಸಾಲಿನಲ್ಲಿ ಅವಳಿಗೂ ಒಂದು ಮೊಳ ಜಾಗ ಇರಬೇಕಿತ್ತು.

ನಿನ್ನೆ ಗಾಡಿ ಬಂತು. ಯಾರೂ ಓಡಲಿಲ್ಲ, ಯಾರೂ ತಲೆ ಎತ್ತಿಯೂ ನೋಡಲಿಲ್ಲ. ಮಿಷನ್ ನಿಲ್ಲಿಸಿ ನಾನೊಬ್ಬನೇ ಎದ್ದೆ, ರವಿಕೆಗಳ ರಾಶಿಯನ್ನು ಬಾಗಿಲ ಬಳಿಯಿಂದ ಅತ್ತ ಸರಿಸಿದೆ, ಬಾಣಲೆಗೆ ಜಾಗ ಬೇಕಲ್ಲ ಎಂದು.